ಹಿಂದಕ್ಕೆ ನಡೆದ ಹೊಟ್ಟೆ

ಜಹೀರಾಬಾದಿನಲ್ಲಿ ನಮ್ಮ ಕಾಕಾ ಬರುತ್ತಿದ್ದಾರೆಂದು ತಿಳಿಯಲು ಅವರ ಮುಖ ನೋಡಬೇಕಾಗಿರಲಿಲ್ಲ. ಓಣಿಯ ತಿರುವಿನಲ್ಲಿ ಮೊದಲು ಅವರ ಹೊಟ್ಟೆ ಕಾಣಿಸಿಕೊಳ್ಳುತ್ತಿತ್ತು. ಅದು ಪೂರ್ತಿ ತಿರುಗಿ ಮುಗಿದ ಮೇಲೆ ಕಾಕಾ ಬರುತ್ತಿದ್ದರು! ಇದು ಅತಿಯಾಯಿತು ಅನ್ನುವವರು ಅವರ ಪಕ್ಕದ ಸೀಟಿನಲ್ಲಿ ಕೂತು ನಾರಾಯಣಖೇಡದವರೆಗೆ ಒಮ್ಮೆ ಬಸ್ಸಿನಲ್ಲಿ ಹೋಗಿ ಬರಬೇಕು. ನಾನು ಹೋಗಿದ್ದೇನೆ. ಕಿಟಕಿಯ ಕಡೆ ಕೂತಿದ್ದೆ. ಇಳಿಯುವಾಗ ಕಿಟಕಿಯ ಸರಳುಗಳ ಗುರುತು ನನ್ನ ತೋಳಿನ ಮೇಲಿತ್ತು.

ಅಂಥ ಕಾಕಾ ಐವತ್ತು ದಾಟಿದ ಮೇಲೆ, ಮೀಸೆಯೆಲ್ಲ ಬೆಳ್ಳಗಾದ ಮೇಲೆ, ಹೊಟ್ಟೆಯ ಮೇಲೆ ಸಿಕ್ಸ್ ಪ್ಯಾಕ್ ತರಿಸುತ್ತೇನೆಂದು ಹೊರಟರು. ‘ತರಿಸುತ್ತೇನೆ’ ಎಂದೇ ಅವರ ಮಾತು, ಪುಣೆಯಿಂದ ಲಾರಿಯಲ್ಲಿ ಮಾಲು ತರಿಸುವ ಹಾಗೆ! ನಗಬೇಡಿ. ಅಥವಾ ನಕ್ಕುಬಿಡಿ, ಅಡ್ಡಿಯಿಲ್ಲ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ಮೂರೂ ಊರಿನವರು ಆಗಲೇ ನಕ್ಕು ಮುಗಿಸಿದ್ದಾರೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಬಸ್ ಸ್ಟ್ಯಾಂಡಿನ ಎದುರಿಗೆ ಅವರದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಗಲ್ಲೆಯ ಹಿಂದೆ ಕಣ್ಣು ಮುಚ್ಚಿ ಕೂತಿದ್ದರೂ ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರಿನ ಸದ್ದು ಕೇಳಿ, "ಅದರ ಫ್ಯಾನ್ ಬೆಲ್ಟ್ ಇನ್ನ ಭಾಳ ದಿನ ಬರಂಗಿಲ್ಲ" ಎನ್ನುವ ಮನುಷ್ಯ. ಅವರ ವಿಚಿತ್ರಗಳಿಗೆ ನಾವು ಒಗ್ಗಿಹೋಗಿದ್ದೆವು. ಸ್ಕೂಟರಿಗೆ ಕಬ್ಬಿನ ಲಾರಿಯ ಹಾರ್ನ್ ಹಾಕಿಸಿಕೊಂಡಿದ್ದರು. ಮನೆಯ ಬಾಗಿಲು ಕಿರ್ ಎನ್ನುತ್ತದೆಂದು ಅದಕ್ಕೆ ಗ್ರೀಸ್ ಮೆತ್ತಿ, ಹಬ್ಬಕ್ಕೆ ಬಂದ ಬೀಗರ ಬಿಳಿ ಧೋತರಗಳನ್ನೆಲ್ಲ ಕರಿ ಮಾಡಿ ಕಳಿಸಿದ್ದರು. ಆದರೆ ಸ್ವಂತ ದೇಹದ ಬಗ್ಗೆ ಅವರು ಎಂದೂ ತಲೆ ಕೆಡಿಸಿಕೊಂಡವರಲ್ಲ.

ತಲೆ ಕೆಡಿಸಿಕೊಳ್ಳಬೇಕಾಗಿದ್ದುದು ಕಾಕುವಿನ ಬಗ್ಗೆ. ಕಾಕು ಅಂದರೆ ಕಾಕಾನ ಹೆಂಡತಿ. ಅವರಿಗೆ ಸಕ್ಕರೆ ಕಾಯಿಲೆ. ಅವರ ತಾಯಿಗೂ ಇದೇ ಕಾಯಿಲೆಯಿತ್ತು. ಕಡೆಗೆ ಒಂದು ಕಾಲನ್ನೇ ತೆಗೆಯಬೇಕಾಯಿತು. ಆ ಮುದುಕಿ ತಾಂಡೂರಿನ ಮನೆಯ ಪಡಸಾಲೆಯಲ್ಲಿ ಕೂತಲ್ಲೇ ಕೂತು ತೀರಿಹೋದದ್ದನ್ನು ಗಂಡ ಹೆಂಡತಿ ಇಬ್ಬರೂ ಕಣ್ಣಾರೆ ಕಂಡವರು. ಹೀಗಾಗಿ ಡಾಕ್ಟರು, "ಬರೇ ಗುಳಿಗಿಯಿಂದ ಆಗಂಗಿಲ್ಲಮ್ಮಾ, ದಿನಾ ನಡೀಬೇಕು. ನಡೀಲಿಲ್ಲಂದ್ರ ನಿಮ್ಮ ತಾಯಿಗಿ ಆಗಿದ್ದೇ ನಿಮಗೂ ಆಗ್ತದ" ಎಂದಾಗ ಕಾಕು ತಡಮಾಡಲಿಲ್ಲ. ಬೂಟು ತರಿಸಿದರು, ಸೀರೆಯನ್ನು ತುಸು ಮೇಲೆ ಕಟ್ಟಿದರು, ಮರುದಿನ ಬೆಳಿಗ್ಗೆಯೇ ಹೊರಟರು. ಬಸ್ ಸ್ಟ್ಯಾಂಡಿನ ಚಹಾದಂಗಡಿ ದಾಟುವಾಗ ಬೆಂಚಿನ ಮೇಲೆ ಕೂತಿದ್ದವರಲ್ಲಿ ಯಾರೋ ಒಬ್ಬ, "ಸರೀರಿ, ಸರೀರಿ, ರೋಡ್ ರೋಲರ್ ಬಂತು!" ಅಂದ. ಬೆಂಚಿಗೆ ಬೆಂಚೇ ನಕ್ಕಿತು. ಕಾಕು ಅಲ್ಲಿಂದಲೇ ಹಿಂದಿರುಗಿದರು.

"ಕಾಲ ಹೋದ್ರ ಹೋಗ್ಲಿ. ನಾ ಇನ್ನ ರೋಡಿಗಿ ಹೋಗಂಗಿಲ್ಲ" ಎಂದು ಬೂಟನ್ನು ಅಟ್ಟಕ್ಕೆ ಎಸೆದರು. ನಾವೆಲ್ಲ ಹೇಳಿದೆವು, ಬೇಡಿಕೊಂಡೆವು, ಹೆದರಿಸಿದೆವು. ಊಹೂಂ! ಕಾಕಾ ಮಾತ್ರ ಅಂಗಡಿಯಲ್ಲಿ ಮೊಬೈಲು ಹಿಡಿದು ಏನೇನೋ ವಿಡಿಯೋ ನೋಡುತ್ತ ಕೂತುಬಿಟ್ಟರು. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಘೋಷಣೆ ಹೊರಬಿತ್ತು.

"ನಾ ಸಿಕ್ಸ್ ಪ್ಯಾಕ್ ಮಾಡ್ಕೋತೀನಿ."

ಬದನೆಕಾಯಿ ಬಡಿಸುತ್ತಿದ್ದ ಕಾಕುವಿನ ಸೌಟು ಗಾಳಿಯಲ್ಲೇ ನಿಂತಿತು. ಕಾಕಾನ ತಾಯಿ, ನಮ್ಮ ಆಯಿ, ಮೂಲೆಯಿಂದ ಕೇಳಿದರು: "ಅದೇನಪ್ಪಾ? ದುಕಾನಿಗಿ ಹೊಸಾ ಮಾಲೇನು?"

ಕಾಕಾ ಅಂಗಿ ಎತ್ತಿ, ಆ ವಿಶಾಲ ಭೂಭಾಗದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. "ಈ ಕಡಿ ಮೂರು, ಈ ಕಡಿ ಮೂರು. ಹೊಟ್ಟಿ ಮ್ಯಾಲ ಆರು ಗಡ್ಡಿ ಏಳ್ತಾವ ಅವ್ವಾ."

"ಅಯ್ಯೋ ಶಿವನೇ! ಡಾಕ್ಟರಿಗಿ ತೋರಿಸ್ದೇನೋ?"

ಕಾಕು ಸೌಟನ್ನು ಪಾತ್ರೆಗೆ ಹಾಕಿ ಅಂದರು, "ಇದ್ದ ಒಂದ ಪ್ಯಾಕಿಗಿ ಅಂಗಿ ಗುಂಡಿ ಕೂಡಂಗಿಲ್ಲ. ಇನ್ನ ಆರಕ್ಕ ಎಲ್ಲಿ ಹೊಲಿಸ್ಲಿರಿ?"

ನಾವು ನಕ್ಕೆವು. ಆದರೆ ಅಡುಗೆಮನೆಯಲ್ಲಿ ನಮ್ಮವ್ವನಿಗೆ ಸಿಟ್ಟು ತಡೆಯಲಿಲ್ಲ. ಹೆಂಡತಿಯ ಕಾಲಿಗೆ ಕುತ್ತು ಬಂದಿರುವಾಗ ಇವರಿಗೆ ಹೊಟ್ಟೆಯ ಅಲಂಕಾರ ಬೇಕಾಗಿದೆಯೇ? ನನಗೂ ಹಾಗೇ ಅನ್ನಿಸಿತು. ಯಾಕೆ ಈ ಹುಚ್ಚು ಎಂದು ಕೇಳಿದರೆ ಕಾಕಾ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತಿದ್ದರು. ಆಯಿಗೆ, "ಪೂಜಿಗಿ ನೆಟ್ಟಗ ಕೂಡಬೇಕು ಅವ್ವಾ." ಅಪ್ಪನಿಗೆ, "ದುಕಾನಿನ ಅಡ್ವರ್ಟೈಜು ಅಣ್ಣಾ." ಶಾಲೆಯಲ್ಲಿ ಟೀಚರಮ್ಮನಾಗಿರುವ ನನಗೆ, "ನಿಮ್ಮ ಶಾಲಿ ಹುಡುಗ್ರಿಗಿ ಒಂದು ಆದರ್ಶ ಬ್ಯಾಡೇನು?" ನಮ್ಮ ಶಾಲೆಯ ಹುಡುಗರು ಕೇಳಿದ್ದರೆ ಊರು ಬಿಡುತ್ತಿದ್ದರು!

ಮೊದಲು ಊರಿನ ಜಿಮ್ಮಿಗೆ ಹೋದರು. ಜಿಮ್ಮಿನ ಯಜಮಾನ ನನ್ನ ಪರಿಚಯದವನಾದ್ದರಿಂದ ನಾನೂ ಹೋಗಿದ್ದೆ. ಅವನು ಗಡಬಡಿಸಿ ಕುರ್ಚಿ ಹಾಕಿ, "ಬರ್ರಿ ಕಾಕಾ, ಯಾರನ್ನ ಸೇರಿಸಾಕ ಬಂದೀರಿ? ಮೊಮ್ಮಗನ್ನೇನು?" ಎಂದ. ಕಾಕಾ ನೇರ ಹೋಗಿ ಒಂದು ಯಂತ್ರದ ಮುಂದೆ ನಿಂತು ಅದರ ಹಗ್ಗ ಎಳೆದರು. ಕಿವಿಯಿಟ್ಟು ಕೇಳಿದರು. "ಇದರ ಬೇರಿಂಗ್ ಹೋಗ್ಯಾದ" ಅಂದರು. ಆಮೇಲೆ ಪಾನಾ ತರಿಸಿ ಒಂದೊಂದಾಗಿ ಯಂತ್ರಗಳನ್ನೆಲ್ಲ ಬಿಚ್ಚಿದರು, ಎಣ್ಣೆ ಹಾಕಿದರು, ಮತ್ತೆ ಕೂಡಿಸಿದರು. ಬೆವರೇನೋ ಧಾರಾಳವಾಗಿ ಹರಿಯಿತು. ಜಿಮ್ಮಿನವನಿಗೆ ಎಷ್ಟು ಖುಷಿಯಾಯಿತೆಂದರೆ ದಿನಾ ಬರಬೇಕೆಂದು ಕೈ ಮುಗಿದ.

"ಯಾಕೆ ಕಾಕಾ, ಇಲ್ಲೇ ಬರಬಹುದಲ್ಲ?" ಎಂದೆ ಹೊರಬರುತ್ತ.

"ನಾಕು ಗ್ವಾಡಿ ನಡುವ ಮಾಡಿದ್ರ ಯಾರ ನೋಡ್ತಾರವ್ವಾ?" ಅಂದರು.

ಈ ವಯಸ್ಸಿನಲ್ಲಿ ಎಂಥ ಪ್ರದರ್ಶನದ ಚಪಲ ಎಂದುಕೊಂಡೆ. ಮರುದಿನದಿಂದ ಅವರ ವ್ಯಾಯಾಮ ಅಂಗಡಿಯ ಮುಂದೆ, ನಟ್ಟನಡು ಬಯಲಿನಲ್ಲಿ, ಚಹಾದಂಗಡಿಯ ಬೆಂಚಿಗೆ ಸರಿಯಾಗಿ ಎದುರು ಶುರುವಾಯಿತು. ಗಿಳಿಹಸಿರು ಬಣ್ಣದ ಟೀ ಶರ್ಟು! ಅದರ ಕೆಳಗೆ ಎಂದಿನ ಪಟ್ಟಾಪಟ್ಟಿ ಚಡ್ಡಿ! ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಹಳೆಯ ಟೈರೊಂದನ್ನು ಮಗುಚಿ ಮಗುಚಿ ಹಾಕುವುದು ಹೊಟ್ಟೆಗೆ ಬಹಳ ಒಳ್ಳೆಯದೆಂದು ವಿಡಿಯೋದಲ್ಲಿ ನೋಡಿದ್ದರಂತೆ. ಮೊದಲ ದಿನ ಅದನ್ನು ಎತ್ತಿ ನಿಲ್ಲಿಸುವ ತನಕ ಎಲ್ಲ ಸರಿಯಿತ್ತು. ನಿಂತ ಟೈರು ಬೀಳುವ ಬದಲು ಉರುಳಲು ನಿರ್ಧರಿಸಿತು. ಮುಂದೆ ಟೈರು, ಹಿಂದೆ ಕಾಕಾ, "ಹಿಡೀರಿ! ಹಿಡೀರಿ!" ಎಂಬ ಕೂಗು. ಬೆಂಚಿನ ಮೇಲಿದ್ದವರೆಲ್ಲ ಚಹಾದ ಕಪ್ಪು ಹಿಡಿದುಕೊಂಡೇ ಎದ್ದು ಓಡಿದರು, ಒಬ್ಬನೂ ಒಂದು ಹನಿ ಚೆಲ್ಲಲಿಲ್ಲ! ಟೈರು ಬೆಂಚಿಗೆ ಒರಗಿ ನಿಂತಿತು. ಚಹಾದಂಗಡಿಯ ಚಾಚಾ ಗಂಭೀರವಾಗಿ ಕೇಳಿದರು:

"ಕ್ಯಾ ಸೇಟ್, ಟೈರ್ ಕೋ ಭೀ ಚಾಯ್ ಹೋನಾ ಕ್ಯಾ?"

ಟೈರಿಗೂ ಚಹಾ ಬೇಕೇ ಎಂದು ಚಾಚಾ ಕೇಳಿದ ಅಂದಿನಿಂದ ಬೆಂಚಿಗೆ ಬೇರೆ ವಿಷಯವೇ ಇಲ್ಲವಾಯಿತು. ಪೆದ್ದೆಮುಲ್ ಕಡೆಯಿಂದ ಸಾಮಾನಿಗೆ ಬಂದ ರೈತರು ಕೂಡ, "ಟೈರಿನ ಸೇಟ್ರ ದುಕಾನ್ ಯಾವುದ್ರಿ?" ಎಂದು ಕೇಳಿಕೊಂಡು ಬರತೊಡಗಿದರು. ಕಾಕಾ ಸಿಟ್ಟಾಗಬೇಕಿತ್ತಲ್ಲವೇ? ಇಲ್ಲ! ಎಷ್ಟು ನಕ್ಕರೆ ಅಷ್ಟು ಹುರುಪು. ಒಬ್ಬ ನಕ್ಕರೆ ಇನ್ನೆರಡು ಸಲ ಬಸ್ಕಿ ಹೊಡೆಯುತ್ತಿದ್ದರು.

ಆಮೇಲೆ ಬಂತು ಹಿಂದಕ್ಕೆ ನಡೆಯುವ ಹುಚ್ಚು. ಮುಂದಕ್ಕೆ ನಡೆದರೆ ಹೊಟ್ಟೆ ಮುಂದೆ ಮುಂದೆ ಬರುತ್ತದಂತೆ, ಹಿಂದಕ್ಕೆ ನಡೆದರೆ ಒಳಗೆ ಹೋಗುತ್ತದಂತೆ! ಇದು ವಿಡಿಯೋದಲ್ಲಿ ಇತ್ತೋ, ಕಾಕಾನ ಸ್ವಂತ ಸಂಶೋಧನೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲ ದಿನ ಬೆಳಿಗ್ಗೆ ಬಾಗಿಲಿನಿಂದ ನಮಗೆ ಕೈ ಬೀಸುತ್ತ, ನಮ್ಮನ್ನೇ ನೋಡುತ್ತ, ಹಿಂದಕ್ಕೆ ಹಿಂದಕ್ಕೆ ಹೋಗಿ ಓಣಿಯಲ್ಲಿ ಮರೆಯಾದರು. ಸ್ವಲ್ಪ ಹೊತ್ತಿನಲ್ಲೇ ಒಬ್ಬ ಆಟೋದವನು ಅವರನ್ನು ತಂದು ಬಾಗಿಲಲ್ಲಿ ಇಳಿಸಿದ. ಗಿಳಿಹಸಿರು ಟೀ ಶರ್ಟಿನ ಬೆನ್ನೆಲ್ಲ ಸಗಣಿ. ಆಟೋದವನು ಕಾಕುವಿಗೆ ಕೈ ಮುಗಿದು ತೆಲುಗಿನಲ್ಲಿ, "ಅಮ್ಮಾ, ಸಾರ್‌ನಿ ಒಕ್ಕಡಿನೇ ಪಂಪಕಂಡಿ, ಗೇದೆಕಿ ಡ್ಯಾಶ್ ಇಚ್ಚಿಂಡು" ಅಂದ. ಸಾರನ್ನು ಒಬ್ಬರನ್ನೇ ಕಳಿಸಬೇಡಿ ಎಂದು ಅವನ ಬೇಡಿಕೆ, ನಮ್ಮ ಕಾಕಾ ಹೋಗಿ ಒಂದು ಎಮ್ಮೆಗೆ ಗುದ್ದಿದ್ದರು. ಎಮ್ಮೆಗೆ ಏನೂ ಆಗಿರಲಿಲ್ಲ.

ಕಾಕುವಿನ ಕೋಪ ನೋಡಬೇಕಿತ್ತು! "ನಾಳಿ ಎಮ್ಮಿ, ನಾಡದು ಕಬ್ಬಿನ ಲಾರಿ! ನನ್ನ ಕುಂಕುಮ ಕಳೀಬೇಕಂತ ಮಾಡೀರೇನು?"

"ಮತ್ತ ನನ್ನ ಬೆನ್ನಿಗಿ ಕಣ್ಣ ಅವೇನು? ಎದುರಿಗಿ ಒಬ್ಬರು ನಡಕೋತ ದಾರಿ ಹೇಳಿದ್ರ ನಾ ಯಾಕ ಬೀಳ್ತೀನಿ?"

"ಯಾರ ಬರ್ತಾರ ನಿಮ್ಮ ಸಂಗಟ ಮಾನ ಕಳಕೊಳ್ಳಾಕ?"

"ಯಾರೂ ಬ್ಯಾಡ. ನಾಳಿನೂ ಒಬ್ಬನ ಹೋಗ್ತೀನಿ."

ಮರುದಿನ ಬೆಳಿಗ್ಗೆ ಕಾಕಾ ಹಿಂದಕ್ಕೆ ಹೆಜ್ಜೆಯಿಡುತ್ತ ಹೊರಟರು. ಕಾಕು ಹೊಸ್ತಿಲಲ್ಲಿ ನಿಂತು ನೋಡಿದರು. ಓಣಿಯ ತುದಿಯಲ್ಲಿ ಒಂದು ಕಲ್ಲಿತ್ತು. "ನಿಲ್ರೀ! ಕಲ್ಲ ಅದ!" ಎಂದು ಕೂಗಿದರು. ಕಾಕಾ ನಿಂತರು. ಕಾಕು ಹಣೆ ಚಚ್ಚಿಕೊಂಡು, ಸೆರಗು ಸಿಗಿಸಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಹೀಗೆ ಶುರುವಾಯಿತು ನೋಡಿ ಜಹೀರಾಬಾದಿನ ದಿನನಿತ್ಯದ ಮೆರವಣಿಗೆ! ಗಂಡ ಹಿಂದಕ್ಕೆ, ಹೆಂಡತಿ ಮುಂದಕ್ಕೆ, ಇಬ್ಬರ ಮುಖ ಎದುರುಬದುರು.

"ಎಡಕ್ಕ ಸರೀರಿ! ಎಡಕ್ಕ! ನಿಮ್ಮ ಎಡಕ್ಕಲ್ಲರಿ, ನನ್ನ ಎಡಕ್ಕ!"

ಅಷ್ಟರಲ್ಲಿ ಕಾಕಾ ಚರಂಡಿಯಲ್ಲಿರುತ್ತಿದ್ದರು. ಚಹಾದಂಗಡಿಯ ಬೆಂಚಿನಿಂದ ಸಲಹೆಗಳ ಸುರಿಮಳೆ. "ಸೇಟ್, ರಿವರ್ಸ್ ಗೇರ್ ಹತ್ತ್ಯಾದೇನ್ರಿ?" "ಸೇಟ್ರಿಗಿ ಒಂದು ಹಿಂದಿನ ಲೈಟ್ ಕೂಡಿಸ್ರಪ್ಪಾ!" ಕಾಕಾ ಎರಡೂ ಕೈಯೆತ್ತಿ ಎಲ್ಲರಿಗೂ ನಮಸ್ಕಾರ ಮಾಡುತ್ತ, ಚುನಾವಣೆಗೆ ನಿಂತವರಂತೆ ಹಿಂದಕ್ಕೆ ಸಾಗುತ್ತಿದ್ದರು. ಅವರನ್ನು ಕಾಪಾಡುವ ಗಡಿಬಿಡಿಯಲ್ಲಿ ಕಾಕುವಿಗೆ ಅತ್ತಿತ್ತ ನೋಡಲು ಪುರುಸೊತ್ತೇ ಇರಲಿಲ್ಲ. ಕಬ್ಬಿನ ಹೊಲಗಳವರೆಗೆ ಹೋಗಿ ಬರುವಾಗಲೂ ಕಾಕಾ ಹಿಂದಕ್ಕೇ ಬರುತ್ತಿದ್ದರು. ಚಪ್ಪಲಿಯಲ್ಲಿ ಇವರ ವೇಗ ಹಿಡಿಯಲಾಗುವುದಿಲ್ಲವೆಂದು ಬೈಯುತ್ತ ಕಾಕು ಒಂದು ದಿನ ನನ್ನ ಕೈಯಿಂದಲೇ ಅಟ್ಟದ ಬೂಟು ಇಳಿಸಿಕೊಂಡರು.

ಹೊಟ್ಟೆ ಕರಗತೊಡಗಿತು. ಅದರಿಂದ ಹೊಸ ತಾಪತ್ರಯಗಳು ಹುಟ್ಟಿಕೊಂಡವು. ನಾವು ಲಿಂಗವಂತರು, ಸ್ನಾನವಾದ ಮೇಲೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುವುದು ರೂಢಿ. ಕಾಕಾ ಇಷ್ಟು ವರ್ಷ ಆ ಕೈಯನ್ನು ಹೊಟ್ಟೆಯ ಮೇಲೆ ಊರಿ ನಿಶ್ಚಿಂತೆಯಿಂದ ಪೂಜೆ ಮಾಡುತ್ತಿದ್ದರು. ಈಗ ಊರಲು ಜಾಗವೇ ಇಲ್ಲ! ಕೈ ಗಡಗಡ ನಡುಗುತ್ತಿತ್ತು. ಆಯಿ ಗಾಬರಿಯಾಗಿ ಕೇಳಿದರೆ, "ಇಷ್ಟ ದಿನ ದೇವರನ್ನ ಹೊಟ್ಟಿ ಹೊತ್ತಿತ್ತು ಅವ್ವಾ. ಈಗ ಖರೇನ ನಾ ಹೊತ್ತೀನಿ" ಅಂದರು. ಆಯಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಅಂದಿನಿಂದ ಮಗನ ಹುಚ್ಚಿಗೆ ಅವರ ಬೆಂಬಲ ಸಿಕ್ಕಿತು.

ತಾಂಡೂರಿನ ಕಥೆ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಕಾಕುವಿನ ಅಣ್ಣನ ಮನೆಯಲ್ಲಿ ಮೊಮ್ಮಗನ ತೊಟ್ಟಿಲ ಕಾರ್ಯ. ನಮ್ಮ ಕಡೆಯ ಉಪಚಾರ ಗೊತ್ತಲ್ಲ? ಬೇಡ ಅಂದರೆ ಎರಡು ಹೋಳಿಗೆ, ಖಂಡಿತ ಬೇಡ ಅಂದರೆ ನಾಲ್ಕು. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ತುಪ್ಪ! ಅದರಲ್ಲೂ ಮನೆಯ ಅಳಿಯ ಉಣ್ಣದೆ ಎದ್ದರೆ ಮನೆಗೇ ಅವಮಾನ. ಕಾಕುವಿಗೆ ಸಕ್ಕರೆ ಕಾಯಿಲೆ ಬಂದಮೇಲೂ, "ಒಂದು ತಿಂದ್ರ ಏನಾಗ್ತದ? ತವರುಮನಿದು, ಅಮೃತ ಇದ್ದಂಗ" ಎಂದು ಪ್ರತಿ ಸಲ ತಿನ್ನಿಸಿಯೇ ಕಳಿಸುತ್ತಿದ್ದರು. ಈ ಸಲ ಕಾಕಾ ಪಂಕ್ತಿಯಲ್ಲಿ ಕೂತವರೇ ಜೇಬಿನಿಂದ ಮೊಳಕೆ ಬಂದ ಹೆಸರುಕಾಳಿನ ಪೊಟ್ಟಣ ಬಿಚ್ಚಿದರು.

ಇಡೀ ಪಂಕ್ತಿ ಅತ್ತ ಬಗ್ಗಿ ನೋಡಿತು. ಕಾಕಾನ ಭಾವ, ಅಂದರೆ ಕಾಕುವಿನ ಅಣ್ಣನ ಮುಖ ಕಪ್ಪಿಟ್ಟಿತು. "ಏನ್ರಿ ಇದು? ನಮ್ಮನಿ ಹೋಳಿಗಿ ಬ್ಯಾಡಾದ್ವೇನು?"

"ಹೊಟ್ಟಿ ಮ್ಯಾಲ ನಾಕು ಬಂದಾವ್ರಿ. ಇನ್ನ ಎರಡು ಬರೋತನ ಹೋಳಿಗಿ ಮುಟ್ಟಂಗಿಲ್ಲ."

"ನೀವು ಉಣ್ಣಲಿಲ್ಲಂದ್ರ ನಾನೂ ಉಣ್ಣಂಗಿಲ್ಲ" ಎಂದು ಭಾವನವರು ಕಾಕಾನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಹೆಂಗಸರು ಬಂದರು, ಹಿರಿಯರು ಬಂದರು, ಮಠದ ಅಯ್ಯನವರೂ ಬಂದು ಹೇಳಿದರು. ಕಾಕಾ ಹೋಳಿಗೆಗೆ ಕೈ ಮುಗಿದರೇ ಹೊರತು ಮುರಿಯಲಿಲ್ಲ. ಕೊನೆಗೆ, ಇಷ್ಟೆಲ್ಲ ಗಟ್ಟಿಯಿದ್ದರೆ ಅಂಗಳದಲ್ಲಿ ಬಿದ್ದಿರುವ ತಾಂಡೂರು ಕಲ್ಲಿನ ಹಾಸನ್ನು ಎತ್ತಿ ತೋರಿಸಲಿ ಎಂದು ಯಾರೋ ಪಂಥ ಕಟ್ಟಿದರು. ಕಾಕಾ ಎತ್ತಿದರು. ಇಳಿಸಲು ಬರಲಿಲ್ಲ! ನಾಲ್ಕು ಜನ ಸೇರಿ ಅವರ ಕೈಯಿಂದ ಕಲ್ಲು ಬಿಡಿಸಬೇಕಾಯಿತು. ಭಾವನವರು ನಕ್ಕು ನಕ್ಕು ಸಿಟ್ಟು ಮರೆತು ತಾವೇ ಉಣ್ಣಲು ಕೂತರು. ಈ ಗದ್ದಲದಲ್ಲಿ ಕಾಕು ರೊಟ್ಟಿ ಬೇಳೆ ಉಂಡು ಕೈ ತೊಳೆದದ್ದನ್ನು ಯಾರೂ ಗಮನಿಸಲಿಲ್ಲ. ನಾನೊಬ್ಬಳೇ ನೋಡಿದೆ.

ಸಿಕ್ಸ್ ಪ್ಯಾಕಿನ ಅಧಿಕೃತ ಉದ್ಘಾಟನೆ ಎಳ್ಳ ಅಮಾವಾಸ್ಯೆಯ ದಿನ, ನಾರಾಯಣಖೇಡದ ನಮ್ಮ ಹೊಲದಲ್ಲಿ ಎಂದು ನಿಶ್ಚಯವಾಗಿತ್ತು. ಆ ದಿನ ನಮ್ಮ ಸೀಮೆಯಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ. ಬೆಳೆಗೆ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ಆಮೇಲೆ ನಮ್ಮ ಊಟ. ಹಸಿ ತೊಗರಿ, ಅವರೆ, ಕಡಲೆ, ಕೈಗೆ ಸಿಕ್ಕ ಸೊಪ್ಪು, ಎಲ್ಲ ಸೇರಿಸಿ ಕುದಿಸಿದ ಭಜ್ಜಿ, ಜೊತೆಗೆ ಸಜ್ಜೆ ರೊಟ್ಟಿ. ಕಾಕಾ ಭಜ್ಜಿಯ ಪಾತ್ರೆಯ ಪಕ್ಕದಲ್ಲೇ ಠಿಕಾಣಿ ಹೂಡಿದರು. "ಇದ ನೋಡ್ರಿ ಪ್ರೋಟೀನ್! ಜಿಮ್ಮಿನವರು ಡಬ್ಬಿದಾಗ ಮಾರ್ತಾರ, ನಮ್ಮ ಮುತ್ಯಾ ಗಡಿಗ್ಯಾಗ ಕುದಿಸ್ತಿದ್ದ!" ಎಂದು ಭಾಷಣ ಮಾಡುತ್ತ ಬಟ್ಟಲ ಮೇಲೆ ಬಟ್ಟಲು ಇಳಿಸಿದರು.

ಊಟವಾಯಿತು. ಬಂಧುಗಳೆಲ್ಲ ಜೋಳದ ಬದುವಿನ ಮೇಲೆ ಸಾಲಾಗಿ ಕೂತರು. ತಾಂಡೂರಿನ ಭಾವನವರೂ ಬಂದಿದ್ದರು. ಕಾಕಾ ಬಿಸಿಲಿಗೆ ನಿಂತು, ದೀರ್ಘವಾಗಿ ಉಸಿರೆಳೆದು, ಟೀ ಶರ್ಟು ತೆಗೆದರು. ಅಬ್ಬಾ! ಇತ್ತು! ನಿಜವಾಗಿಯೂ ಇತ್ತು! ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಗಂಡಸರು ಎಣಿಸಲು ಹತ್ತಿರ ಬಂದರು.

"ನಾಕ ಅವ."

"ಐದ ಕಾಣ್ತಾವಲ್ಲೋ!"

"ಆರೂ ಅವರೀ, ಸರಿ ನೋಡ್ರಿ!"

ಭಾವನವರು ಕನ್ನಡಕ ಏರಿಸಿ, ಬಗ್ಗಿ ಪರೀಕ್ಷಿಸಿ ತೀರ್ಪು ಕೊಟ್ಟರು: "ಕೆಳಗಿನ್ವು ಎರಡು ಜೋಳದ ಎಲಿ ನೆರಳು." ಕಾಕಾ ಉಸಿರು ಬಿಡದೆಯೇ, ಮುಖ ಕೆಂಪಗೆ ಮಾಡಿಕೊಂಡು ಪಕ್ಕಕ್ಕೆ ಸರಿದರು. ಕೆಳಗಿನ ಎರಡು ಅಲ್ಲೇ ನೆಲದ ಮೇಲೆ ಉಳಿದವು! ಇನ್ನು ತಡೆಯಲಾರದೆ ಉಸಿರು ಬಿಟ್ಟರು. ಮೇಲಿನ ನಾಲ್ಕೂ ಭಜ್ಜಿಯ ಅಡಿಯಲ್ಲಿ ಮುಳುಗಿಹೋದವು. ಕಾಕು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಮುಚ್ಕೋರಿ ಸಾಕು, ಥಂಡಿ ಹತ್ತತಾದ" ಎಂದರು. ಕಾಕು ಅಷ್ಟು ನಕ್ಕದ್ದನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಕಾಕುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಕ್ಕರೆ ಇಳಿದಿತ್ತು. ಡಾಕ್ಟರಿಗೆ ನಂಬಿಕೆಯಾಗದೆ ಇನ್ನೊಮ್ಮೆ ನೋಡಿದರು. ಪಾದಗಳನ್ನು ಮುಟ್ಟಿ, ಒತ್ತಿ ನೋಡಿದರು. "ಕಾಲು ಭೇಷ್ ಅವ. ಏನ್ ಮಾಡಿದ್ರಮ್ಮಾ?"

"ನಾ ಏನ್ ಮಾಡ್ಲಿಲ್ರಿ" ಅಂದರು ಕಾಕು. "ಇವರು ಬೀಳ್ತಾರಂತ ಕಾಯ್ಕೋತ ಅಡ್ಡಾಡಿದೆ, ಅಷ್ಟ."

ಆಟೋದಲ್ಲಿ ಬರುವಾಗ ನನಗೆ ಒಂದೊಂದಾಗಿ ಎಲ್ಲ ಹೊಳೆಯತೊಡಗಿತು. ಜಿಮ್ಮು ಯಾಕೆ ಬೇಡವಾಯಿತು, ಆ ಬೆಂಚಿನ ಎದುರೇ ಯಾಕೆ, ಹೆಸರುಕಾಳು ಯಾಕೆ! ಮನೆಗೆ ಬಂದವಳೇ ಕಾಕಾನ ಕಡೆ ನೋಡಿದೆ. ಅವರು ಡಾಕ್ಟರು ಹೇಳಿದ್ದನ್ನು ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡರು, ಆದರೆ ಮುಖದಲ್ಲಿ ಪೂರ್ತಿ ನೆಮ್ಮದಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾ ಮಂಚದಿಂದ ಏಳಲೇ ಇಲ್ಲ. ಮೊಣಕಾಲಿಗೆ ಎಕ್ಕೆಯ ಎಲೆ ಕಟ್ಟಿಕೊಂಡು ನರಳುತ್ತಿದ್ದರು. "ನಂದು ಇವತ್ತ ಆಗಂಗಿಲ್ಲ."

"ಹಂಗಾದ್ರ ಬ್ಯಾಡ ಬಿಡ್ರಿ" ಎಂದು ಕಾಕು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ಮೊಣಕಾಲು ತಿಕ್ಕಿದರು. ಆಮೇಲೆ ಎದ್ದು ಬಾಗಿಲಿಗೆ ಹೋಗಿ ನಿಂತರು, ರಸ್ತೆ ನೋಡಿದರು. ಒಳಗೆ ಬಂದರು. ಮತ್ತೆ ಹೋದರು. ನಾನು ಜೊತೆಗೆ ಬರುತ್ತೇನೆನ್ನಲು ಬಾಯಿ ತೆರೆದೆ. ಕಾಕಾ ಮಂಚದಿಂದಲೇ ನನ್ನ ಕಡೆ ಕಣ್ಣು ಬಿಟ್ಟು ಬೇಡವೆಂದು ತಲೆಯಾಡಿಸಿದರು. ಕಾಕು ಬಗ್ಗಿ ಬೂಟು ಹಾಕಿಕೊಂಡರು, ದಾರ ಬಿಗಿದರು, ಯಾರಿಗೂ ಹೇಳದೆ ಹೊರಟುಹೋದರು.

ಬಾಗಿಲು ಮುಚ್ಚಿದ ಸದ್ದಾಯಿತೋ ಇಲ್ಲವೋ, ಕಾಕಾ ಮಂಚದಿಂದ ಜಿಗಿದು ಮಾಳಿಗೆಯ ಮೆಟ್ಟಿಲು ಹತ್ತಿ ಓಡಿದರು!

"ಕಾಕಾ, ಮೊಣಕಾಲು?"

"ಸುಮ್ಮ ಬಾ!"

ನೀರಿನ ಟ್ಯಾಂಕಿನ ಮರೆಯಲ್ಲಿ ಇಬ್ಬರೂ ನಿಂತೆವು. ಅಲ್ಲಿಂದ ಬಸ್ ಸ್ಟ್ಯಾಂಡು, ಚಹಾದಂಗಡಿ, ಅದರಾಚೆ ಕಬ್ಬಿನ ಹೊಲದ ರಸ್ತೆ ಎಲ್ಲ ಕಾಣುತ್ತದೆ. ಕಾಕು ಒಬ್ಬರೇ ನಡೆಯುತ್ತಿದ್ದರು. ಚಹಾದಂಗಡಿ ಹತ್ತಿರ ಬಂದಂತೆ ಹೆಜ್ಜೆ ನಿಧಾನವಾಯಿತು. ಕಾಕಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒಡೆಯುವುದೊಂದು ಬಾಕಿ. ಬೆಂಚಿನಿಂದ ಒಬ್ಬ ಎದ್ದು ಏನೋ ಕೇಳಿದ. ಕಾಕು ನಿಂತರು, ಏನೋ ಹೇಳಿದರು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಚಾಚಾ ಕೈಯೆತ್ತಿ ಸಲಾಮು ಮಾಡಿದರು. ಯಾರೂ ನಗಲಿಲ್ಲ. ಕಾಕು ಮುಂದೆ ನಡೆದರು, ಈಗ ಮೊದಲಿಗಿಂತ ಬಿರುಸಾಗಿ. ಸೇಟ್ರು ಎಲ್ಲಿ ಎಂದು ಆತ ಕೇಳಿದ್ದನಂತೆ, "ಅವರಿಗಿ ಕಾಲ ನೋವದ, ನಂದು ನಾ ಬಿಡಾಕಾಗ್ತದೇನು?" ಎಂದರಂತೆ ಕಾಕು. ಇದು ಆಮೇಲೆ ತಿಳಿದದ್ದು.

"ಹೋದಳು ನೋಡು!" ಕಾಕಾ ಪಿಸುಗುಟ್ಟಿದರು. ಆಮೇಲೆ ತಡೆಯಲಾಗದೆ ಕೂಗಿಯೇಬಿಟ್ಟರು. "ಒಬ್ಬಾಕೀನ ಹೋದಳು ನೋಡವ್ವಾ!"

"ಕಾಕಾ, ಇಷ್ಟೆಲ್ಲ ಕಾಕು ಸಲುವಾಗೇನ್ರಿ?"

"ಮತ್ತ? ನಗೋ ಮಂದಿ ನಗ್ತಾರ, ಅವರನ್ನ ನಿಂದ್ರಸಾಕ ಆಗ್ತದೇನ? ನಕ್ರ ನನ್ನ ನೋಡಿ ನಗ್ಲಿ ಅಂದೆ. ಅವರ ಕಣ್ಣೆಲ್ಲ ನನ್ನ ಮ್ಯಾಲಿದ್ರ ಆಕಿ ಆರಾಮ ನಡೀತಾಳ. ಆದ್ರ ಇನ್ನೊಂದು ಚಿಂತಿ ಉಳದಿತ್ತು. ನಾ ಇಲ್ಲದ ದಿನಾನೂ ಆಕಿ ನಡೀಬೇಕಲ್ಲ?" ಆಮೇಲೆ ನಾಚಿಕೊಂಡು ಅಂದರು, "ಒಂದು ಹೇಳ್ತೀನಿ, ಯಾರಿಗೂ ಹೇಳಬ್ಯಾಡ. ಮದಿವ್ಯಾದಾಗಿಂದ ಆಕಿ ಮಾರಿ ಇಷ್ಟು ಹೊತ್ತು ನಾ ಎಂದೂ ನೋಡಿದ್ದಿಲ್ಲ. ಹಿಂದಕ್ಕ ನಡಿಯಾದು ಭಾಳ ಛಲೋ ಇರ್ತದ."

ನಗುತ್ತಲೇ ಹೇಳಿದರು, ಆದರೆ ಮುಗಿಸುವಷ್ಟರಲ್ಲಿ ಬಿಕ್ಕಿ ಬಿಕ್ಕಿ ಅಳತೊಡಗಿದರು. ಕಣ್ಣೊರೆಸಿಕೊಳ್ಳಲು ಆ ಗಿಳಿಹಸಿರು ಟೀ ಶರ್ಟನ್ನೇ ಎತ್ತಿದರು. ಎಳೆಬಿಸಿಲು ನೇರ ಹೊಟ್ಟೆಯ ಮೇಲೆ ಬಿತ್ತು. ಅಳುವಾಗ ಹೊಟ್ಟೆ ಬಿಗಿಯುತ್ತದಲ್ಲ! ನೋಡುತ್ತೇನೆ, ಈ ಕಡೆ ಮೂರು, ಆ ಕಡೆ ಮೂರು. ಜೋಳದ ಎಲೆಯ ನೆರಳಲ್ಲ, ಹಿಡಿದ ಉಸಿರೂ ಅಲ್ಲ. ಆರಕ್ಕೆ ಆರೂ ಇದ್ದವು! ‘ಕಾಕಾ, ಬಂದಾವ್ರಿ’ ಎಂದು ಕೂಗಬೇಕೆಂದುಕೊಂಡೆ. ಕೂಗುವ ಬದಲು ನಾನೂ ಕಣ್ಣೊರೆಸಿಕೊಂಡೆ. ಕಾಕಾ ಮುಖದಿಂದ ಟೀ ಶರ್ಟು ಇಳಿಸಿ, ಕಬ್ಬಿನ ಹೊಲಗಳ ನಡುವೆ ಚಿಕ್ಕದಾಗುತ್ತ ಹೋಗುತ್ತಿದ್ದ ಕಾಕುವನ್ನು ನೋಡುತ್ತ ನಿಂತಿದ್ದರು.